ಇಗತ್‌ಪುರಿ: ಸುಮ್ಮನೆ ಕೂರುವುದನ್ನು ಕಲಿಸುವ ಗುಡ್ಡ

ಮುಂಬೈಯಿಂದ ನಾಸಿಕದ ಕಡೆಗೆ ಹೊರಟ ರೈಲು ಕಸಾರಾ ನಿಲ್ದಾಣಕ್ಕೆ ಬಂದರೆ ಕೂಡಲೇ ಮುಂದೆ ಹೊರಡುವುದಿಲ್ಲ. ಕಿಟಕಿಯಾಚೆ ಸಹ್ಯಾದ್ರಿ ಗೋಡೆಯಂತೆ ಎದ್ದು ನಿಂತಿರುತ್ತದೆ. ರೈಲಿನ ಬಾಲಕ್ಕೆ ಎರಡೋ ಮೂರೋ ಎಂಜಿನ್‌ಗಳು ಬಂದು ತಗಲಿಕೊಳ್ಳುತ್ತವೆ. ರೈಲ್ವೆಯವರು ಇವನ್ನು ‘ಬ್ಯಾಂಕರ್’ ಎನ್ನುತ್ತಾರೆ. ಮುಂದಿನ ಎಂಜಿನ್ ಎಳೆಯಬೇಕು, ಹಿಂದಿನವು ನೂಕಬೇಕು. ಹಾಗಾದರೆ ಮಾತ್ರ ಬಹುತೇಕ ರೈಲುಗಳು ಈ ಘಾಟಿ ಹತ್ತಲು ಸಾಧ್ಯ. 37 ಮೀಟರ್ ಮುಂದೆ ಸಾಗುವಷ್ಟರಲ್ಲಿ ಒಂದು ಮೀಟರ್ ಮೇಲೇರುವ ದಾರಿ ಇದು. ನಡೆದು ಹೋಗುವವನಿಗೆ ಇದೊಂದು ಏರೇ ಅಲ್ಲ. ಆದರೆ ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಇದು ಬೆಟ್ಟವೇ ಸರಿ.

1865ರಲ್ಲಿ ಸಂಚಾರಕ್ಕೆ ತೆರೆದ ಈ ಹಳಿಯ ಮೇಲೆ, ಒಂದರ ಹಿಂದೊಂದು ಸುರಂಗ ದಾಟಿ, ಬಲಗಡೆಗೊಮ್ಮೆ ಎಡಗಡೆಗೊಮ್ಮೆ ಬಾಯ್ತೆರೆಯುವ ಕಣಿವೆಗಳನ್ನು ತೋರಿಸುತ್ತಾ, ರೈಲು ಕೊನೆಗೆ ಇಗತ್‌ಪುರಿಗೆ ಬಂದು ಉಸಿರು ಬಿಡುತ್ತದೆ. ಬ್ಯಾಂಕರ್‌ಗಳು ಅಲ್ಲಿ ಕಳಚಿಕೊಳ್ಳುತ್ತವೆ. ಇನ್ನು ಮುಂದೆ ಅವುಗಳ ಅಗತ್ಯವಿಲ್ಲ. ಪ್ಲಾಟ್‌ಫಾರಂ ಮೇಲೆ ವಡಾಪಾವ್ ಕೂಗು, ಚಹಾದ ಹಬೆ, ಜೂನ್ ಕಳೆದರೆ ಬಿಡದೆ ಹೊಯ್ಯುವ ಮಳೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಊರಿನ ಸುತ್ತ ಗುಡ್ಡಗಳದ್ದೇ ಸಾಮ್ರಾಜ್ಯ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1646 ಮೀಟರ್, ಇಲ್ಲಿಂದ ದೂರವೇನಲ್ಲ. ಮಳೆಗಾಲದಲ್ಲಿ ಮುಂಬೈಯ ಹುಡುಗರು ಜಲಪಾತ ನೋಡಲು ಗುಂಪುಗುಂಪಾಗಿ ಬರುತ್ತಾರೆ.

ಆದರೆ ಇದೇ ನಿಲ್ದಾಣದಲ್ಲಿ ಇಳಿಯುವ ಇನ್ನೊಂದು ಬಗೆಯ ಜನರೂ ಇದ್ದಾರೆ. ಅವರ ಬ್ಯಾಗಿನಲ್ಲಿ ಕ್ಯಾಮೆರಾ ಇರುವುದಿಲ್ಲ. ಹತ್ತು ಹನ್ನೆರಡು ದಿನಕ್ಕಾಗುವಷ್ಟು ಸಡಿಲವಾದ ಬಟ್ಟೆ ಇರುತ್ತದೆ. ಮುಖದ ಮೇಲೆ, ಪರೀಕ್ಷೆಯ ಹಾಲ್ ಹೊರಗೆ ನಿಂತ ಹುಡುಗನ ಮುಖದಲ್ಲಿರುವಂಥ ಒಂದು ಅಳುಕು. ಅವರು ಹೊರಟಿರುವುದು ಊರಿಗೆ ಅಂಟಿಕೊಂಡೇ ಇರುವ ಧಮ್ಮಗಿರಿಗೆ. ಅಲ್ಲಿ ಅವರು ಮಾಡಬೇಕಾದ ಕೆಲಸ ಕಣ್ಣು ಮುಚ್ಚಿ ಸುಮ್ಮನೆ ಕೂರುವುದು, ಅಷ್ಟೇ. ಇಷ್ಟು ಸುಲಭದ ಕೆಲಸಕ್ಕೆ ಇಷ್ಟೊಂದು ಅಳುಕೇಕೆ?

ಬಾಗಿಲ ಮೇಲಿನ ಬರಹ

ಕರ್ನಾಟಕದ ಹಳ್ಳಿಗಳಲ್ಲಿ ದೆವ್ವವನ್ನು ದೂರವಿಡಲು ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವಿತ್ತು. ದೆವ್ವ ಬಂದು ಓದಿಕೊಂಡು ಹಿಂದಿರುಗಬೇಕು. ಮರುದಿನ ಬಂದರೂ ಅದೇ ಬರಹ. ಧ್ಯಾನದ ವಿಷಯದಲ್ಲಿ ಮನಸ್ಸು ಮಾಡುವುದೂ ಇದನ್ನೇ. ಪರೀಕ್ಷೆ ಮುಗಿಯಲಿ, ಮಳೆ ನಿಲ್ಲಲಿ, ಹೊಸ ವರ್ಷ ಬರಲಿ, ಮಗಳ ಮದುವೆಯಾಗಲಿ, ನಿವೃತ್ತಿಯಾಗಲಿ. ಬೇಡವೆಂದು ಯಾರೂ ಹೇಳುವುದಿಲ್ಲ. ನಾಳೆ ಎನ್ನುತ್ತಾರೆ.

ಸುಮ್ಮನೆ ಕೂರುವುದು ಮನುಷ್ಯನಿಗೆ ಎಷ್ಟು ಕಷ್ಟ ಎಂಬುದನ್ನು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದ ಒಂದು ಪ್ರಯೋಗದಲ್ಲಿ ಜನರನ್ನು ಒಬ್ಬೊಬ್ಬರನ್ನಾಗಿ ಬರಿಯ ಕೋಣೆಯಲ್ಲಿ 15 ನಿಮಿಷ ಕೂರಿಸಲಾಯಿತು. ಪುಸ್ತಕವಿಲ್ಲ, ಫೋನಿಲ್ಲ. ಇದ್ದದ್ದು ಒಂದು ಗುಂಡಿ ಮಾತ್ರ. ಒತ್ತಿದರೆ ಮೈಗೆ ಸಣ್ಣ ವಿದ್ಯುತ್ ಆಘಾತ. ಆ ಆಘಾತವನ್ನು ತಪ್ಪಿಸಿಕೊಳ್ಳಲು ಹಣ ಕೊಡಲೂ ಸಿದ್ಧ ಎಂದು ಮೊದಲೇ ಹೇಳಿದ್ದವರಲ್ಲೂ 18 ಗಂಡಸರ ಪೈಕಿ 12 ಮಂದಿ, 24 ಹೆಂಗಸರ ಪೈಕಿ 6 ಮಂದಿ ಆ ಕಾಲು ಗಂಟೆಯಲ್ಲಿ ಒಮ್ಮೆಯಾದರೂ ಗುಂಡಿ ಒತ್ತಿದರು. ತಮ್ಮ ಯೋಚನೆಗಳ ಜೊತೆ ತಾವೊಬ್ಬರೇ ಕೂರುವುದಕ್ಕಿಂತ ಏನಾದರೊಂದು ಆಗುವುದು ವಾಸಿ ಎನಿಸಿರಬೇಕು.

ಆದ್ದರಿಂದ ‘ನನ್ನ ಮಗ ಒಂದು ಕಡೆ ಕೂರುವುದೇ ಇಲ್ಲ’ ಎಂದು ಕೊರಗುವ ತಾಯಂದಿರು ಸ್ವಲ್ಪ ಸಮಾಧಾನ ತಂದುಕೊಳ್ಳಬಹುದು. ಕೂರಲಾರದಿರುವುದು ಆ ಹುಡುಗನೊಬ್ಬನ ದೋಷವಲ್ಲ.

ಗಂಟು ಕಟ್ಟಿದ್ದ ಗುರು

ಧಮ್ಮಗಿರಿಯನ್ನು ಕಟ್ಟಿದ ಸತ್ಯನಾರಾಯಣ ಗೋಯಂಕಾ ಅವರ ಕಥೆಯೇ ಈ ಮಾತಿಗೆ ದೊಡ್ಡ ಸಾಕ್ಷಿ. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಅವರು ಮಾರ್ವಾಡಿ ವ್ಯಾಪಾರಸ್ಥ ಮನೆತನದವರು. ಚಿಕ್ಕ ವಯಸ್ಸಿಗೇ ದೊಡ್ಡ ಉದ್ಯಮಿಯಾದರು. ಜೊತೆಗೆ ಸಿಡಿಯುವ ತಲೆನೋವೂ ಬಂತು. ನೋವು ತಡೆಯಲಾರದೆ ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾಗುತ್ತಿತ್ತು. ಯೂರೋಪು, ಅಮೆರಿಕ, ಜಪಾನಿನ ವೈದ್ಯರನ್ನೆಲ್ಲ ಕಂಡು ಬಂದರು. ಗುಣವಾಗಲಿಲ್ಲ.

ಗೆಳೆಯರೊಬ್ಬರು ಊ ಬಾ ಖಿನ್ ಅವರ ಹೆಸರು ಹೇಳಿದರು. ಊ ಬಾ ಖಿನ್ ಸಂನ್ಯಾಸಿಯಲ್ಲ. ಸ್ವತಂತ್ರ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಕಚೇರಿಯ ಲೆಕ್ಕಪತ್ರ ನೋಡಿಕೊಳ್ಳುತ್ತಲೇ ರಂಗೂನಿನಲ್ಲಿ ಧ್ಯಾನ ಕಲಿಸುತ್ತಿದ್ದ ಸಂಸಾರಿ. ತಲೆನೋವು ಹೋಗಲಾಡಿಸಿಕೊಳ್ಳಲು ಬಂದೆ ಎಂದಾಗ ಅವರು ಗೋಯಂಕಾರನ್ನು ಸೇರಿಸಿಕೊಳ್ಳಲೇ ಇಲ್ಲ. ಇದು ಮೈಯ ರೋಗಕ್ಕೆ ಕೊಡುವ ಮದ್ದಲ್ಲ ಎಂದುಬಿಟ್ಟರು. ಇತ್ತ ಗೋಯಂಕಾರಿಗೂ ಅಳುಕು. ಸಂಪ್ರದಾಯಸ್ಥ ಹಿಂದೂ ಮನೆಯವನು ಬುದ್ಧನ ದಾರಿ ಹಿಡಿದರೆ ತನ್ನ ಧರ್ಮದ ಗತಿಯೇನು? ಮನಸ್ಸು ಗಟ್ಟಿಮಾಡಿಕೊಳ್ಳಲು ತಿಂಗಳುಗಳೇ ಹಿಡಿದವು. ಶೀಲ, ಚಿತ್ತದ ಏಕಾಗ್ರತೆ, ಒಳನೋಟ ಇವಿಷ್ಟನ್ನೇ ಕಲಿಸುವುದು, ಇದರಲ್ಲಿ ಯಾವ ಧರ್ಮದವರಿಗೆ ತಕರಾರು ಎಂದು ಊ ಬಾ ಖಿನ್ ತಿಳಿಹೇಳಿದ ಮೇಲೆ, 1955ರಲ್ಲಿ ಮೊದಲ ಶಿಬಿರಕ್ಕೆ ಕೂತರು.

ಕೂತವರು ಎರಡನೆಯ ದಿನವೇ ಓಡಿಹೋಗಲು ಗಂಟು ಕಟ್ಟಿದ್ದರು! ಇದನ್ನು ಅವರೇ ಮುಂದೆ ಎಷ್ಟೋ ಸಲ ನಗುನಗುತ್ತಾ ಹೇಳಿಕೊಂಡಿದ್ದಾರೆ. ಜೊತೆಗಿದ್ದ ಸಾಧಕಿಯೊಬ್ಬರು ಇನ್ನೊಂದು ದಿನ ಇದ್ದು ನೋಡಿ ಎಂದರು. ಇದ್ದರು. ಆ ಒಂದು ದಿನ ಹತ್ತು ದಿನವಾಯಿತು, ಆಮೇಲೆ ಗುರುವಿನ ಬಳಿ ಹದಿನಾಲ್ಕು ವರ್ಷದ ಕಲಿಕೆಯಾಯಿತು. 1969ರಲ್ಲಿ ಭಾರತಕ್ಕೆ ಬಂದು, ಆ ವರ್ಷದ ಜುಲೈನಲ್ಲಿ ಮುಂಬೈಯಲ್ಲಿ ತಂದೆತಾಯಿ ಸೇರಿ ಬೆರಳೆಣಿಕೆಯ ಮಂದಿಗೆ ಮೊದಲ ಶಿಬಿರ ನಡೆಸಿದರು. ಧರ್ಮಶಾಲೆ, ಶಾಲೆ, ಛತ್ರಗಳಲ್ಲಿ ನಡೆಯುತ್ತಿದ್ದ ಶಿಬಿರಗಳಿಗೆ ಇಗತ್‌ಪುರಿಯ ಈ ಗುಡ್ಡದ ಮೇಲೆ ಕಾಯಂ ಠಾವು ಸಿಕ್ಕಿ, 1976ರಿಂದ ಇಲ್ಲಿ ಶಿಬಿರಗಳು ನಡೆದುಕೊಂಡು ಬಂದಿವೆ. 2012ರಲ್ಲಿ ಪದ್ಮಭೂಷಣ ಪಡೆದ ಗೋಯಂಕಾ 2013ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಧ್ವನಿಮುದ್ರಿತವಾದ ಅವರ ಗಡಸು ದನಿ ಇಂದಿಗೂ ಇಲ್ಲಿಯ ಸಭಾಂಗಣಗಳಲ್ಲಿ ಪಾಠ ಹೇಳುತ್ತದೆ.

ನಾಲ್ಕು ಗಂಟೆಯ ಗಂಟೆ

ಬರ್ಮಾ ಶೈಲಿಯ ಹೊಂಬಣ್ಣದ ಮಹಾದ್ವಾರ ದಾಟಿದರೆ ಮರಗಳ ನೆರಳು, ಸಾಲು ವಸತಿಗಳು, ನಡುವೆ ಪಗೋಡ. ಪಗೋಡದ ಒಳಗೆ ಒಬ್ಬೊಬ್ಬರೇ ಕೂರಲು ನೂರಾರು ಪುಟ್ಟ ಕೋಣೆಗಳು. ಗಂಡಸರ ಕಡೆ ಬೇರೆ, ಹೆಂಗಸರ ಕಡೆ ಬೇರೆ. ಮೊದಲ ದಿನ ಸಂಜೆಯೇ ಫೋನು, ಪುಸ್ತಕ, ಪೆನ್ನು ಎಲ್ಲವನ್ನೂ ಒಪ್ಪಿಸಿಬಿಡಬೇಕು. ಅಲ್ಲಿಂದ ಮುಂದೆ ಹತ್ತನೆಯ ದಿನದ ಬೆಳಿಗ್ಗೆಯವರೆಗೆ ಮೌನ. ಮಾತಷ್ಟೇ ಅಲ್ಲ, ಸನ್ನೆಯೂ ಇಲ್ಲ. ಕಷ್ಟಸುಖ ಹೇಳಿಕೊಳ್ಳಬೇಕೆಂದರೆ ವ್ಯವಸ್ಥಾಪಕರ ಬಳಿ, ಸಂದೇಹ ಬಂದರೆ ಆಚಾರ್ಯರ ಬಳಿ ಮಾತನಾಡಬಹುದು.

ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತದೆ. 4.30ರಿಂದ 6.30ರವರೆಗೆ ಧ್ಯಾನ. ತಿಂಡಿ. ಮತ್ತೆ 8ರಿಂದ 11ರವರೆಗೆ. ಊಟ, ವಿಶ್ರಾಂತಿ. 1ರಿಂದ 5ರವರೆಗೆ. ಚಹಾ, ಒಂದಿಷ್ಟು ಹಣ್ಣು. 6ರಿಂದ 7. ಬಳಿಕ ಪ್ರವಚನ, ಮತ್ತೆ ಸ್ವಲ್ಪ ಹೊತ್ತು ಧ್ಯಾನ. 9.30ಕ್ಕೆ ದೀಪ ಆರುತ್ತದೆ. ಕೂಡಿಸಿದರೆ ದಿನಕ್ಕೆ ಹತ್ತು ಗಂಟೆಗೂ ಮೇಲೆ ಕೂರುವುದೇ ಕೆಲಸ.

ಮೊದಲ ಮೂರೂವರೆ ದಿನ ಮೂಗಿನ ಹೊಳ್ಳೆಯ ಬಳಿ ಬಂದುಹೋಗುವ ಉಸಿರನ್ನು ಗಮನಿಸುವುದಷ್ಟೇ ಪಾಠ. ಇದು ಆನಾಪಾನ. ಉಸಿರನ್ನು ಬಿಗಿಹಿಡಿಯುವ ಹಾಗಿಲ್ಲ, ಎಣಿಸುವ ಹಾಗಿಲ್ಲ, ಯಾವ ಹೆಸರನ್ನೂ ಜಪಿಸುವ ಹಾಗಿಲ್ಲ. ಬಂದದ್ದು ಬಂದಂತೆ, ಹೋದದ್ದು ಹೋದಂತೆ ತಿಳಿಯುತ್ತಿರಬೇಕು. ನಾಲ್ಕನೆಯ ದಿನದಿಂದ ವಿಪಶ್ಯನ: ತಲೆಯಿಂದ ಕಾಲಿನವರೆಗೆ ಮೈಯಲ್ಲಿ ಏಳುವ ಉರಿ, ತುರಿಕೆ, ಜೋಮು, ತಂಪು ಎಲ್ಲವನ್ನೂ ಬೇಕು ಬೇಡ ಎನ್ನದೆ ನೋಡುವುದು. ಅಂದಿನಿಂದ ದಿನಕ್ಕೆ ಮೂರು ಬಾರಿ, ಒಂದೊಂದು ಗಂಟೆ ಕಾಲು ಕದಲಿಸದೆ ಕೂರುವ ಸಂಕಲ್ಪ.

ಇದನ್ನು ಓದುವಾಗಲೇ ಎಷ್ಟೋ ಮಂದಿಗೆ ಮಂಡಿ ನೋಯತೊಡಗಬಹುದು. ನೋಯುವುದೂ ನಿಜ. ಎರಡನೆಯ ದಿನ ಮತ್ತು ಆರನೆಯ ದಿನ ಊರಿನ ನೆನಪು ಬಲವಾಗಿ ಎಳೆಯುತ್ತದೆ ಎಂಬುದು ಶಿಬಿರ ಮುಗಿಸಿದವರಲ್ಲಿ ಬಳಕೆಯಲ್ಲಿರುವ ಮಾತು. ಸೊಸೈಟಿ ಕಂತು, ಒಲೆ ಆರಿಸಿದೆನೋ ಇಲ್ಲವೋ, ಹತ್ತು ವರ್ಷದ ಹಿಂದೆ ಯಾರೋ ಆಡಿದ ಮಾತು, ಹಳೆಯ ಸಿನಿಮಾ ಹಾಡು, ಎಲ್ಲವೂ ಸರದಿಯಲ್ಲಿ ಬರುತ್ತವೆ. ಆದರೆ ಇಲ್ಲಿಯ ಏರ್ಪಾಡಿನ ಜಾಣತನ ಇರುವುದು ಇಲ್ಲಿಯೇ. ಮನೆಯಲ್ಲಿ ಕೂತಾಗ ಏಳಲು ನೂರು ನೆಪಗಳಿರುತ್ತವೆ. ಇಲ್ಲಿ ನೆಪಗಳನ್ನು ಒಂದೊಂದಾಗಿ ಮೊದಲೇ ಕಿತ್ತಿಟ್ಟಿದ್ದಾರೆ. ಅಡುಗೆಯ ಚಿಂತೆಯಿಲ್ಲ, ಫೋನಿಲ್ಲ. ಕಾಸು ಹೋಗುತ್ತದೆಂಬ ಚಿಂತೆಯೂ ಇಲ್ಲ, ಏಕೆಂದರೆ ಶಿಬಿರಕ್ಕೆ ಶುಲ್ಕವಿಲ್ಲ. ಹಿಂದೆ ಕಲಿತು ಹೋದವರು ಕೊಟ್ಟ ದಾನದಿಂದಲೇ ಊಟ ವಸತಿ ನಡೆಯುತ್ತದೆ. ಅಕ್ಕಪಕ್ಕದಲ್ಲಿ ನೂರಾರು ಮಂದಿ ಅದೇ ಹೊತ್ತಿಗೆ ಕೂತಿರುತ್ತಾರೆ. ಗಂಟೆಯ ಸದ್ದು ಮತ್ತು ಜೊತೆಯವರ ಸಾನ್ನಿಧ್ಯ ಕಸಾರಾದ ಬ್ಯಾಂಕರ್ ಎಂಜಿನ್‌ಗಳಂತೆ ಹಿಂದಿನಿಂದ ನೂಕುತ್ತವೆ.

ಈ ಏರ್ಪಾಡು ಎಲ್ಲಿಯವರೆಗೆ ಕೆಲಸ ಮಾಡಬಲ್ಲದು ಎಂಬುದಕ್ಕೆ ದೆಹಲಿಯ ತಿಹಾರ್ ಜೈಲಿನ ಉದಾಹರಣೆಯಿದೆ. ಕಿರಣ್ ಬೇಡಿ ಅಲ್ಲಿ ಬಂದೀಖಾನೆಯ ಮುಖ್ಯಸ್ಥರಾಗಿದ್ದಾಗ, 1994ರ ಏಪ್ರಿಲ್‌ನಲ್ಲಿ, ಒಂದೇ ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಹತ್ತು ದಿನ ಮೌನವಾಗಿ ಕೂತರು.

ಮನೆಗೆ ಬಂದ ಮೇಲೆ

ನಿಜವಾದ ಘಾಟಿ ಶುರುವಾಗುವುದು ಹನ್ನೊಂದನೆಯ ದಿನ ಬೆಳಿಗ್ಗೆ, ಮಹಾದ್ವಾರ ದಾಟಿ ಹೊರಬಂದಾಗ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮನೆಯಲ್ಲೂ ಕೂರಿ ಎಂದು ಹೇಳಿ ಕಳಿಸಿರುತ್ತಾರೆ. ಮೊದಲ ವಾರ ಉತ್ಸಾಹ ಇರುತ್ತದೆ. ಎರಡನೆಯ ವಾರ ನೆಂಟರು ಬರುತ್ತಾರೆ. ಮೂರನೆಯ ವಾರ ನೆಗಡಿ. ನಾಲ್ಕನೆಯ ವಾರ ಚಾಪೆ ಮೂಲೆಗೆ. ನಮ್ಮ ಹಿರಿಯರು ಇದಕ್ಕೆ ‘ಆರಂಭಶೂರತನ’ ಎಂಬ ಒಳ್ಳೆಯ ಮಾತನ್ನೇ ಕೊಟ್ಟಿದ್ದಾರೆ. ನೂಕುವ ಎಂಜಿನ್ ಇಗತ್‌ಪುರಿಯಲ್ಲೇ ಉಳಿಯಿತು. ಆದರೆ ಮನೆಯ ಏರು ಇನ್ನೂ ಮುಗಿದಿಲ್ಲ.

ಹಾಗಾದರೆ ಮನೆಯಲ್ಲಿ ಮಾಡುವುದೇನು? ಧಮ್ಮಗಿರಿಯ ಗೋಡೆಯೊಳಗೆ ಕೆಲಸ ಮಾಡಿದ್ದನ್ನೇ ಸಣ್ಣದಾಗಿ ಮನೆಗೆ ತರಬೇಕು. ಅಲ್ಲಿ ಎಷ್ಟು ಹೊತ್ತಿಗೆ ಕೂರಬೇಕು ಎಂದು ಯಾರೂ ಪ್ರತಿದಿನ ಯೋಚಿಸುವುದಿಲ್ಲ. ಗಂಟೆ ಬಾರಿಸುತ್ತದೆ, ಕೂರುತ್ತಾರೆ. ಮನೆಯಲ್ಲೂ ಹೊತ್ತು ಮತ್ತು ಜಾಗ ನಿಶ್ಚಯವಾಗಬೇಕು. ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಇದನ್ನು ಗಂಟು ಹಾಕುವುದು ಸುಲಭದ ಉಪಾಯ: ಮುಖ ತೊಳೆದ ಕೂಡಲೇ, ಅಥವಾ ದೇವರಿಗೆ ದೀಪ ಹಚ್ಚಿದ ಕೂಡಲೇ, ಅಥವಾ ಸಂಜೆ ಪುಸ್ತಕ ತೆರೆಯುವ ಮುನ್ನ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಒಂದು ಗಂಟೆ ಬೇಡ. ಹತ್ತು ನಿಮಿಷ ಸಾಕು. ಅದೂ ಭಾರವೆನಿಸಿದರೆ ಐದು. ಕಡಿಮೆ ಕೂತರೂ ಆದೀತು, ಹೊತ್ತು ತಪ್ಪಬಾರದು.

ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರ ಮೇಲೆ ನೋಡಿ 2009ರಲ್ಲಿ ಪ್ರಕಟಿಸಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಮಾಡುವುದು ಮುಂತಾದ ದಿನನಿತ್ಯದ ಕೆಲಸಗಳು ಅವು. ಯೋಚಿಸದೆಯೇ ಆ ಕೆಲಸ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ಆದರೆ ಕೆಲವರಿಗೆ 18 ದಿನ ಸಾಕಾದರೆ, ಕೆಲವರ ಲೆಕ್ಕ 254 ದಿನಕ್ಕೆ ಹೋಯಿತು. ಇನ್ನೊಂದು ಸಂಗತಿ ವಿದ್ಯಾರ್ಥಿಗಳು ನೆನಪಿಡಬೇಕಾದದ್ದು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನಿನ್ನೆ ತಪ್ಪಿತು ಎಂಬುದು ಇಂದು ಬಿಡಲು ಕಾರಣವಲ್ಲ.

ಹೊಸಬರನ್ನು ಹಿಮ್ಮೆಟ್ಟಿಸುವ ಮತ್ತೊಂದು ತಪ್ಪು ತಿಳಿವಳಿಕೆಯಿದೆ: ಧ್ಯಾನವೆಂದರೆ ಮನಸ್ಸು ಖಾಲಿಯಾಗಬೇಕು ಎಂಬುದು. ಐದು ನಿಮಿಷ ಕೂತ ಹುಡುಗಿ ‘ನನ್ನ ಮನಸ್ಸು ಕ್ಯಾಂಟೀನಿಗೆ ಹೋಯಿತು, ಕ್ರಿಕೆಟ್ಟಿಗೆ ಹೋಯಿತು, ನನಗಿದು ಆಗದು’ ಎಂದು ಎದ್ದುಬಿಡುತ್ತಾಳೆ. ಇಗತ್‌ಪುರಿಯ ಪಾಠದಲ್ಲಿ ಮನಸ್ಸು ಓಡಿಹೋಗುವುದು ಸೋಲಲ್ಲ. ಓಡಿಹೋಗಿದೆ ಎಂದು ತಿಳಿಯುವುದು, ಬೈಯದೆ ಹೊಡೆಯದೆ ಮತ್ತೆ ಉಸಿರಿನ ಬಳಿಗೆ ಕರೆತರುವುದು, ಇದೇ ಅಭ್ಯಾಸ. ನೂರು ಬಾರಿ ಓಡಿಹೋದರೆ ನೂರು ಬಾರಿ ಕರೆತಂದ ಹಾಗಾಯಿತು. ಮೇಯಲು ಬಿಟ್ಟ ಕರುವನ್ನು ಹಗ್ಗ ಹಿಡಿದು ಕೊಟ್ಟಿಗೆಗೆ ತರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಪ್ಪ ಅಮ್ಮಂದಿರಿಗೆ ಎರಡು ಮಾತು

ಮಕ್ಕಳಿಗೆ ಹತ್ತು ದಿನದ ಶಿಬಿರವಿಲ್ಲ. ಎಂಟು ವರ್ಷ ದಾಟಿದವರಿಗೆ ಒಂದರಿಂದ ಮೂರು ದಿನಗಳ ಆನಾಪಾನ ಶಿಬಿರಗಳಿವೆ. ಆಟ, ಕಥೆ, ಚಿತ್ರ ಬಿಡಿಸುವುದು, ನಡುನಡುವೆ ಉಸಿರು ಗಮನಿಸುವುದು. ಮಹಾರಾಷ್ಟ್ರ ಸರ್ಕಾರ ‘ಮಿತ್ರ’ ಎಂಬ ಹೆಸರಿನಲ್ಲಿ ಇದನ್ನು ಶಾಲೆಗಳಿಗೂ ಕೊಂಡೊಯ್ದಿದೆ. ಅಲ್ಲಿ ಮಕ್ಕಳಿಗೆ ಹೇಳುವುದೂ ಸುಮಾರು ಹತ್ತು ನಿಮಿಷದ ಲೆಕ್ಕವೇ.

ಆದರೆ ಒತ್ತಾಯದಿಂದ ಇದು ಬರುವಂಥದ್ದಲ್ಲ. ‘ಧ್ಯಾನ ಮಾಡು, ಮಾರ್ಕ್ಸ್ ಬರುತ್ತೆ’ ಎಂದರೆ ಧ್ಯಾನವೂ ಟ್ಯೂಷನ್ ಆಗುತ್ತದೆ. ಮಾರ್ಕ್ಸ್ ಬರದಿದ್ದ ದಿನ ಧ್ಯಾನವೂ ಹೋಗುತ್ತದೆ. ಟಿ.ವಿ. ನೋಡುತ್ತಾ ಕೂತ ಅಪ್ಪ, ‘ಹೋಗಿ ಕಣ್ಣು ಮುಚ್ಚಿ ಕೂತ್ಕೋ’ ಎಂದರೆ ಮಗ ಕಣ್ಣು ಮುಚ್ಚಿಯಾನು, ಕಿವಿ ಟಿ.ವಿ. ಕಡೆಗೇ ಇರುತ್ತದೆ. ಮನೆಯಲ್ಲಿ ಒಬ್ಬ ದೊಡ್ಡವರು ಪ್ರತಿದಿನ ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ, ಯಾರಿಗೂ ಏನೂ ಹೇಳದೆ ಕೂತರೆ ಅದಕ್ಕಿಂತ ದೊಡ್ಡ ಉಪದೇಶ ಬೇಡ. ಕೆಲವು ದಿನ ಕಳೆದ ಮೇಲೆ ಪಕ್ಕದಲ್ಲಿ ಇನ್ನೊಂದು ಚಾಪೆ ಬಿದ್ದರೆ ಬಿದ್ದೀತು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಹತ್ತು ದಿನದ ಶಿಬಿರ ಎಲ್ಲರಿಗೂ ಹೊಂದುವ ಮದ್ದಲ್ಲ. ಖಿನ್ನತೆ, ಭ್ರಮೆಯಂಥ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಇಷ್ಟು ಬಿಗಿಯಾದ ಮೌನ ತೊಂದರೆ ಕೊಡಬಹುದು. ಅರ್ಜಿಯಲ್ಲೇ ಈ ಬಗ್ಗೆ ಕೇಳುತ್ತಾರೆ, ಮುಚ್ಚಿಡಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನು ಧ್ಯಾನದ ನೆಪದಲ್ಲಿ ನಿಲ್ಲಿಸಬಾರದು. ಮಗ ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಪರೀಕ್ಷೆಗೆ ಇನ್ನು ಎರಡು ವಾರ ಇದೆ ಎನ್ನುವಾಗ ಹೊಸದಾಗಿ ಶಿಬಿರಕ್ಕೆ ಓಡುವುದೂ ಜಾಣತನವಲ್ಲ. ಹಾಗೆಯೇ ಇದು ಒಂದು ದಾರಿ ಮಾತ್ರ. ಸಂಧ್ಯಾವಂದನೆಯೋ, ನಮಾಜೋ, ಜಪಸರವೋ, ಇಷ್ಟಲಿಂಗ ಪೂಜೆಯೋ ಇರುವ ಮನೆಗಳಲ್ಲಿ ಸುಮ್ಮನೆ ಕೂರಲು ಹೊತ್ತು ಮತ್ತು ಜಾಗ ಆಗಲೇ ಇವೆ. ಕೂರುವುದನ್ನು ಮತ್ತೆ ಶುರು ಮಾಡಿದರಾಯಿತು.

ಈಚೆಗೆ ಇಗತ್‌ಪುರಿಗೆ ಹೊಸ ದಾರಿಯೂ ಆಗಿದೆ. ಮುಂಬೈ–ನಾಗಪುರ ಸಮೃದ್ಧಿ ಹೆದ್ದಾರಿಯ ಕೊನೆಯ ಭಾಗ 2025ರ ಜೂನ್‌ನಲ್ಲಿ ತೆರೆದುಕೊಂಡಿತು. ಘಾಟಿಯ ಹೊಟ್ಟೆಯಲ್ಲೇ ಸುಮಾರು ಎಂಟು ಕಿಲೋಮೀಟರ್ ಉದ್ದದ ಜೋಡಿ ಸುರಂಗ ಕೊರೆದಿದ್ದಾರೆ. ಕಾರಿನವರಿಗೆ ಈಗ ಏರು ಗೊತ್ತೇ ಆಗುವುದಿಲ್ಲ. ಗುಡ್ಡದ ಮೇಲೆ ಕೂರಲು ಬಂದವರಿಗೆ ಮಾತ್ರ ಅಂಥ ಅಡ್ಡದಾರಿಯನ್ನು ಯಾರೂ ಇನ್ನೂ ಕೊರೆದಿಲ್ಲ.

ಹೋಗುವುದು ಹೇಗೆ?

ಬೆಂಗಳೂರಿನಿಂದ ಮುಂಬೈ ರೈಲಿನಲ್ಲಿ ಹೋದವರು ಕಲ್ಯಾಣದಲ್ಲಿ ಇಳಿದು ನಾಸಿಕದ ಕಡೆಯ ರೈಲು ಹಿಡಿಯಬೇಕು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ, ಅಥವಾ ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಮನಮಾಡ್‌ವರೆಗೆ ಹೋಗಿ, ಅಲ್ಲಿಂದ ಮುಂಬೈ ಕಡೆಯ ರೈಲಿನಲ್ಲಿ ಇಗತ್‌ಪುರಿಗೆ ಇಳಿದು ಬರಲೂಬಹುದು. ಆದರೆ ಘಾಟಿಯ ಸೊಗಸು ಕಾಣುವುದು ಕಲ್ಯಾಣದ ದಾರಿಯಲ್ಲಿ. ನಿಲ್ದಾಣದಿಂದ ಧಮ್ಮಗಿರಿ ಆಟೋದಲ್ಲಿ ಕೆಲವೇ ನಿಮಿಷ. ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಬಂದ ಮೇಲೆ ಹೊರಡಬೇಕು. ಬಂದುಹೋಗುವ ದಿನಗಳೂ ಸೇರಿ ಹನ್ನೆರಡು ದಿನ ಬಿಡುವಿರಬೇಕು. ಮಳೆಗಾಲದಲ್ಲಿ ಕೊಡೆ, ಚಳಿಗಾಲದಲ್ಲಿ ಶಾಲು ಮರೆಯಬಾರದು. ಅಷ್ಟು ದೂರ ಹೋಗಲಾರದವರಿಗೆ ಬೆಂಗಳೂರಿನ ಹೊರವಲಯದಲ್ಲಿ, ತುಮಕೂರು ರಸ್ತೆಯ ಕಡೆ, ಆಲೂರು ಗ್ರಾಮದಲ್ಲಿ ಇದೇ ಪರಂಪರೆಯ ‘ಧಮ್ಮ ಪಫುಲ್ಲ’ ಕೇಂದ್ರವಿದೆ. ಓದುವ ಆಸಕ್ತಿ ಇದ್ದವರಿಗೆ, ಇಗತ್‌ಪುರಿಯ ಸಂಶೋಧನಾ ಸಂಸ್ಥೆ ಪ್ರಕಟಿಸಿರುವ ಪಾಲಿ ತಿಪಿಟಕ ಕನ್ನಡ ಲಿಪಿಯಲ್ಲೂ ಕಂಪ್ಯೂಟರಿನಲ್ಲಿ ಸಿಗುತ್ತದೆ.

ಅರ್ಜಿ ತುಂಬುವ ಮುನ್ನ ಮನೆಯಲ್ಲೇ ಹತ್ತು ನಿಮಿಷ ಕೂತು ನೋಡುವುದು ಒಳ್ಳೆಯದು. ಅದಕ್ಕೆ ಟಿಕೆಟ್ಟೂ ಬೇಡ, ನಾಳೆಯೂ ಬೇಡ.